ಕಲಿತಳೇನ್ರಿ?

ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿರುವ ಆ ಓಣಿಗೆ ಕಾಲಿಟ್ಟರೆ, ಮನೆಗಳು ಕಾಣುವ ಮೊದಲೇ ಹೊಲಿಗೆ ಮಿಷನ್ನುಗಳ ಸದ್ದು ಕೇಳುತ್ತದೆ. ಮನೆಗೊಂದು ಮಿಷನ್ನು, ಮಿಷನ್ನಿನ ಸುತ್ತ ಜೀನ್ಸ್ ಬಟ್ಟೆಯ ಗುಡ್ಡೆ, ಗುಡ್ಡೆಯ ನಡುವೆ ತಲೆ ಬಗ್ಗಿಸಿದ ಒಬ್ಬ ಟೈಲರ್. ಓಣಿಯ ನಾಯಿಗಳ ಮೈಮೇಲೂ ನೀಲಿ ನೂಲಿನ ಧೂಳು ಕೂತಿರುತ್ತದೆ. ಮಾರೇಶ ಅಂಥ ಟೈಲರುಗಳಲ್ಲಿ ಒಬ್ಬ. ಕೈ ಚುರುಕು, ಬಾಯಿ ಮಂದ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅಂತ ಗಾದೆಯಿದೆ. ಬಾಯಿಲ್ಲದವನ ಗತಿ ಏನು ಅಂತ ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ. ಹೇಳಿದ್ದರೆ ಮಾರೇಶನಿಗೆ ಉಪಕಾರವಾಗುತ್ತಿತ್ತು.

ಅವನ ಹೆಂಡತಿ ಚೌಡೇಶ್ವರಿ ಮಡಕಶಿರದ ಕಡೆಯವಳು, ರೊಳ್ಳದ ಹೆಣ್ಣು. ಈಗ ಕುವೈತಿನಲ್ಲಿ ಒಬ್ಬ ಮೇಡಮ್ಮಿನ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಬಾಡಿಗೆ ಮನೆ ಬಿಟ್ಟು ಸ್ವಂತ ಸೂರು ಮಾಡಿಕೊಳ್ಳಬೇಕು ಅಂತ ಗಂಡ ಹೆಂಡತಿ ಕೂತು ಮಾತಾಡಿ ತೀರ್ಮಾನ ಮಾಡಿದ್ದು ಅದು. ಮಾತಾಡಿ ಅಂದರೆ, ಅವಳು ಮಾತಾಡಿದಳು, ಇವನು ಹೂಂ ಅಂದ. ಅವಳು ವಿಮಾನ ಹತ್ತಿದಾಗ ಮಗಳು ಗಂಗೋತ್ರಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಈಗ ಓಣಿಯ ಕೋಳಿಗಳನ್ನೆಲ್ಲ ಅಟ್ಟಾಡಿಸುವ ಎರಡೂವರೆ ವರ್ಷದ ಪೋರಿ. ತಾಯಿ ಅಂದರೆ ಅವಳ ಲೆಕ್ಕದಲ್ಲಿ ಫೋನಿನೊಳಗಿರುವ ಒಂದು ಮುಖ. ಅದಕ್ಕೆ ಮುತ್ತು ಕೊಡು ಅಂದರೆ ಗಾಜು ನೆಕ್ಕುತ್ತಾಳೆ.

ಶುಕ್ರವಾರ ಕುವೈತಿನಲ್ಲಿ ರಜೆ. ಆ ದಿನ ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಚೌಡೇಶ್ವರಿ ಫೋನು ಮಾಡುತ್ತಾಳೆ. ಮಗಳನ್ನು ನೋಡುತ್ತಾಳೆ, ನಗುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾಳೆ.

“ಕಲಿತಳೇನ್ರಿ?”

ಒಂದಕ್ಕೆ ಎರಡಕ್ಕೆ ಬಂದರೆ ಹೇಳಿ ಹೋಗುವುದನ್ನು ಕಲಿತಳೇನು ಅಂತ ಅರ್ಥ. ಇದು ಸುಮ್ಮನೆ ಕೇಳುವ ಮಾತಲ್ಲ. ಅವಳ ಎರಡು ವರ್ಷದ ಕರಾರು ಸಂಕ್ರಾಂತಿಗೆ ಮುಗಿಯುತ್ತದೆ. ಇನ್ನೂ ಎರಡು ವರ್ಷ ಇರು ಅಂತ ಮೇಡಮ್ಮಿನ ಒತ್ತಾಯ. ಅದಕ್ಕೆ ಚೌಡೇಶ್ವರಿ ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು: “ಕೂಸು ಕಲಿತರೆ ಅಂಗನವಾಡಿ ಆಯಮ್ಮ ಸೇರಿಸ್ಕೋತಾಳೆ, ನಿಮಗೆ ಹಗಲು ಹೊಲಿಯೋಕೆ ಬಿಡುವಾಗ್ತದೆ. ಹಂಗಾದ್ರೆ ನಾನು ಇಲ್ಲೇ ಇರ್ತೀನಿ. ಕಲೀದಿದ್ರೆ ಬಂದ್ಬಿಡ್ತೀನಿ. ಗಂಡಸರ ಕೈಲಿ ಎಷ್ಟಂತ ಆಗ್ತದೆ?”

ಅಂದರೆ ಮಗಳು ಕಲಿತರೆ ಹೆಂಡತಿ ಬರುವುದಿಲ್ಲ, ಕಲಿಯದಿದ್ದರೆ ಬರುತ್ತಾಳೆ. ಬಂದುಬಿಡು ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೆಂಡತಿಗೆ ಹಾಗೆ ಹೇಳುವುದು ಮಾರೇಶನ ಪಾಲಿಗೆ ಓಣಿಯ ನಡುವೆ ಅಂಗಿ ಬಿಚ್ಚಿ ನಿಂತಂತೆ. ದುಡಿಯಲು ಹೋದವಳನ್ನು ನನಗೆ ಬೇಸರವಾಗಿದೆ ಬಾ ಅಂತ ಕರೆಯುವವನು ಎಂಥ ಗಂಡಸು ಅಂದುಕೊಂಡು, ಪ್ರತಿ ಶುಕ್ರವಾರ “ಇನ್ನೂ ಇಲ್ಲ” ಅನ್ನುತ್ತಿದ್ದ. ಅದು ಸುಳ್ಳಾಗಿರಲಿಲ್ಲ, ಅದೊಂದು ಸಮಾಧಾನ.

ಕಲಿಸಲು ಅವನು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಮಕ್ಕಳು ಕೂತು ಒಂದಕ್ಕೆ ಎರಡಕ್ಕೆ ಮಾಡುವ, ಬಾತುಕೋಳಿ ಆಕಾರದ ಹಳದಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಳ್ಳಾರಿಯಿಂದ ತಂದಿದ್ದ. ಗಂಗೋತ್ರಿ ಅದರೊಳಗೆ ಅಪ್ಪನ ದಾರದ ಬಾಬಿನ್ನುಗಳನ್ನು ತುಂಬಿಟ್ಟು, ಅದಕ್ಕೆ ಅನ್ನ ತಿನ್ನಿಸಿ, ಪಕ್ಕದಲ್ಲಿ ನಿಂತು ನೆಲದ ಮೇಲೆ ಒಂದಕ್ಕೆ ಮಾಡಿದಳು. ಕಾಲ ಮೇಲೆ ಕೂಡಿಸಿ ನೋಡಿ ಅಂತ ಚೌಡೇಶ್ವರಿಯೇ ಹೇಳಿಕೊಟ್ಟಳು. ನಮ್ಮ ಕಡೆಯ ತಾಯಂದಿರೆಲ್ಲ ಮಾಡುವುದು ಅದನ್ನೇ. ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ಪಾದದ ನಡುವೆ ಸಂದು ಬಿಟ್ಟು, ಮಗುವನ್ನು ಪಾದಗಳ ಮೇಲೆ ಕೂಡಿಸಿ, ಎರಡು ಕೈ ಹಿಡಿದು “ಸ್ಸ್‌ಸ್” ಅನ್ನುವುದು.

“ಇಲ್ಲಿ ಮೇಡಮ್ಮಿನ ಮಗನಿಗೂ ನಾನು ಹಂಗೇ ಕಲಿಸಿದ್ದು,” ಅಂದಿದ್ದಳು ಅವಳು ಒಂದು ಶುಕ್ರವಾರ. “ಮೇಡಮ್ಮು ಮೊದ್ಲು ನಕ್ಳು. ಹಾಡು ಹೇಳೋ ಕುರ್ಚಿ ಐತ್ರಿ ಇಲ್ಲಿ, ಅದರ ಮೇಲೆ ಕೂರ್ಲಿಲ್ಲ ಹುಡ್ಗ. ನನ್ನ ಕಾಲ ಮೇಲೆ ಕೂತ.” ಅವಳ ಪಾದದ ಮೇಲೆ ಬೇರೆ ಯಾರದೋ ಮಗು ಕೂತು ಕಲಿತಿತ್ತು. ಅದು ಇಬ್ಬರಿಗೂ ತಿಳಿಯಿತು. ಇಬ್ಬರೂ ಆಡಲಿಲ್ಲ.

ಮಾರೇಶ ಹಿತ್ತಲ ಬಾಗಿಲು ಹಾಕಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಚಾಚಿ ಕೂತ. ಗಂಡಸು ಹಾಗೆ ಕೂತದ್ದನ್ನು ಯಾರಾದರೂ ಕಂಡರೆ ಓಣಿಗೆ ಒಂದು ವಾರದ ಮಾತಾಗುತ್ತದೆ ಅಂತ ಅವನಿಗೆ ಅಂಜಿಕೆ. ಮಗಳನ್ನು ಕೂಡಿಸಿದ. ಆದರೆ ಹದಿನೈದು ವರ್ಷ ಪೆಡಲು ತುಳಿದ ಪಾದ ನೆಟ್ಟಗೆ ನಿಂತೀತೆ? ಅಭ್ಯಾಸಬಲದಿಂದ ಬಲಗಾಲು ತಾನಾಗಿ ಕುಣಿಯಿತು. ಗಂಗೋತ್ರಿಗೆ ಅದು ಕುದುರೆ ಆಟ. “ಇನ್ನಾ, ಇನ್ನಾ” ಅಂತ ಕೇಕೆ ಹಾಕಿ, ಬಂದ ಕೆಲಸ ಮರೆತು, ಎದ್ದು ಓಡಿ ಹೋಗಿ ಮಿಷನ್ನಿನ ಕೆಳಗಿದ್ದ ಬಂಡಲಿನ ಮೇಲೆ ಮುಗಿಸಿದಳು. ಆ ಬಂಡಲು ಹೊಲಿಯಲು ಬಟ್ಟೆ ಕೊಡುವ ಮಾಲೀಕನದು. ಮಾರೇಶ ಅದನ್ನು ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ, ಮೂಸಿ ನೋಡಿ, ಮತ್ತೊಮ್ಮೆ ತೊಳೆದ.

ಆ ದಿನಗಳಲ್ಲಿ ಅವನನ್ನು ಕಾಪಾಡಿದ್ದು ಅಡುಗೆ. ಅದಕ್ಕೂ ಚೌಡೇಶ್ವರಿಯೇ ಕಾರಣ. “ಈ ಊರಲ್ಲಿ ಎಲ್ಲ ಐತ್ರಿ, ಒಂದು ಮುದ್ದೆ ಇಲ್ಲ,” ಅಂತ ಅಂದಿದ್ದಳು. “ಒಂದು ಮುದ್ದೆ, ಸ್ವಲ್ಪ ಹುರುಳಿಕಾಳು ಬಸ್ಸಾರು ಇದ್ದಿದ್ರೆ...” ರಾಯದುರ್ಗದವನು ರೊಟ್ಟಿಯ ಮನುಷ್ಯ. ಅವಳು ಇಲ್ಲಿದ್ದಾಗ ಮುದ್ದೆ ಮಾಡಿದರೆ, ಇದನ್ನು ನುಂಗಬೇಕೋ ಕಿಟಕಿಗೆ ಮೆತ್ತಬೇಕೋ ಅಂತ ಹಂಗಿಸುತ್ತಿದ್ದವನು ಇವನೇ. ಆ ಫೋನು ಇಟ್ಟಮೇಲೆ ಅದೇಕೋ ಎದ್ದು ಬಜಾರಿಗೆ ಹೋಗಿ ರಾಗಿ ತಂದು ಗಿರಣಿಗೆ ಹಾಕಿಸಿದ. ಮೊದಲ ದಿನ ಮುದ್ದೆಯ ತುಂಬ ಗಂಟು. ಎರಡನೆಯ ಸಲ ಅಂಬಲಿಯಾಯಿತು. ಆಮೇಲೆ ಎಸರು ಮರಳುವಾಗ ಹಿಟ್ಟು ಸುರಿದು ಅದರ ಪಾಡಿಗೆ ಬೇಯಲು ಬಿಡಬೇಕು, ಅವಸರಪಟ್ಟು ಕೋಲು ಆಡಿಸಬಾರದು ಅಂತ ಕೈಗೆ ತಿಳಿಯಿತು. ಹುರುಳಿಕಾಳು ಸೊಪ್ಪು ಬೇಯಿಸಿ, ನೀರು ಬಸಿದು, ಆ ಬಸಿದ ನೀರಿಗೆ ಮೆಣಸಿನಕಾಯಿ ಬೆಳ್ಳುಳ್ಳಿ ಅರೆದು ಹಾಕಿ ಕುದಿಸಿದ. ಮನೆಯಲ್ಲಿ ಅವಳಿದ್ದ ಕಾಲದ ವಾಸನೆ ಎದ್ದಿತು. ಮಾರೇಶ ಸೌಟು ಹಿಡಿದುಕೊಂಡು ಒಲೆಯ ಮುಂದೆ ನಿಂತು ಅತ್ತ. ಖಾರ ಹೆಚ್ಚಾಗಿದೆ ಅಂತ ತನಗೆ ತಾನೇ ಹೇಳಿಕೊಂಡ.

ಅಂದಿನಿಂದ ದಿನಾ ಸಂಜೆ ಮಿಷನ್ನು ನಿಲ್ಲಿಸಿದ ಮೇಲೆ ಒಲೆಯ ಮುಂದೆ ನಿಲ್ಲುವುದೇ ಅವನ ಸುಖ. ಹಗಲಿಡೀ ಒದ್ದೆ ಚಡ್ಡಿ ಹಿಂಡಿ, ನೆಲ ಒರೆಸಿ, ಮಗಳನ್ನು ಗದರಿ, ಗದರಿದ್ದಕ್ಕೆ ನೊಂದು ಸುಸ್ತಾದ ಜೀವಕ್ಕೆ ಒಗ್ಗರಣೆಯ ಚಟಪಟ ಕೇಳಿದರೆ ತಂಪಾಗುತ್ತಿತ್ತು. ಒಗ್ಗರಣೆಯನ್ನು ಯಾರೂ ಗೋಗರೆಯಬೇಕಾಗಿಲ್ಲ. ಎಣ್ಣೆ ಕಾದರೆ ಸಾಸಿವೆ ಸಿಡಿಯುತ್ತದೆ. ಮಗಳು ಹಾಗಲ್ಲವಲ್ಲ. ಆದರೆ ಬಡಿಸುವ ಹೊತ್ತಿಗೆ ದೊಡ್ಡ ತಟ್ಟೆ ಒಂದು, ಸಣ್ಣ ತಟ್ಟೆ ಒಂದು ಇಟ್ಟಾಗ ಮತ್ತೆ ಹೆಂಡತಿಯ ಕೊರತೆ ಕಾಣುತ್ತಿತ್ತು. ಅವಳು ಹೇಗೆ ತುತ್ತು ಮುರಿಯುತ್ತಿದ್ದಳು ಅಂತ ನೆನಪು ಮಾಡಿಕೊಂಡು ಹಾಗೇ ಮುರಿದು ಮಗಳ ಬಾಯಿಗಿಡುತ್ತಿದ್ದ.

ಇನ್ನು ಅವನು ಮಾಡಿದ ತಪ್ಪಿನ ಮಾತು. ಜೀನ್ಸ್ ಹೊಲಿಯುವವನು ಮಾತ್ರ ಮಾಡಬಹುದಾದ ತಪ್ಪು ಅದು. ಕಟಿಂಗಿನಲ್ಲಿ ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿ ಮಗಳಿಗೆ ಒಂದು ಪುಟ್ಟ ಜೀನ್ಸು ಹೊಲಿದ. ಎಂಥ ಜೀನ್ಸು! ಎರಡು ಹಿಂಬದಿ ಜೇಬು, ಕಿತ್ತಳೆ ದಾರದ ಜೋಡಿ ಹೊಲಿಗೆ, ಹಿತ್ತಾಳೆ ಬಟನ್ನು, ಮಿರಮಿರ ಮಿನುಗುವ ಜಿಪ್ಪು, ಮೂಲೆಮೂಲೆಗೆ ರಿವೆಟ್ಟು. ಅದನ್ನು ತೊಡಿಸಿ ಫೋಟೋ ತೆಗೆದು ಕುವೈತಿಗೆ ಕಳಿಸಿದಾಗ ಚೌಡೇಶ್ವರಿ ಮೇಡಮ್ಮಿಗೆ, ಮೇಡಮ್ಮಿನ ತಂಗಿಗೆ, ಪಕ್ಕದ ಮನೆಯ ಅಡುಗೆಯವಳಿಗೆ ಎಲ್ಲರಿಗೂ ತೋರಿಸಿದಳಂತೆ. “ನಮ್ಮನೆಯವ್ರೇ ಹೊಲಿದದ್ದು ಅಂದೆ,” ಅಂತ ನಕ್ಕಳು. ಆ ನಗು ನೋಡಿ ಮಾರೇಶ ಒಂದರ ಮೇಲೆ ಒಂದು ಹೊಲಿದ. ಮಗಳ ಗೂಟದ ತುಂಬ ಜೀನ್ಸು.

ಆದರೆ ಆ ಬಟನ್ನು ದೊಡ್ಡವರ ಬೆರಳಿಗೇ ಮಣಿಯುವುದು ಕಷ್ಟ. ಹೆಬ್ಬೆರಳಷ್ಟೂ ಇಲ್ಲದ ಕೂಸಿನ ಬೆರಳಿಗೆ ಮಣಿದೀತೆ? ಒಂದಕ್ಕೆ ಬಂದಾಗ ಗಂಗೋತ್ರಿ ಅಪ್ಪಾ ಅನ್ನುವಳು, ಅಪ್ಪ ಮಿಷನ್ನು ನಿಲ್ಲಿಸಿ ಎದ್ದು ಬಂದು ಬಟನ್ನು ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅಪ್ಪನ ಮುಖ ಗಂಟಾಗುತ್ತಿತ್ತು. ಆಮೇಲಾಮೇಲೆ ಅವಳು ಅಪ್ಪಾ ಅನ್ನುವುದನ್ನೂ ಬಿಟ್ಟಳು.

ಪಕ್ಕದ ಮನೆಯ ಗುರುಬಸಮ್ಮ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುವ ವಯಸ್ಸಾದ ಹೆಂಗಸು. ಕೈಯಲ್ಲಿ ಕತ್ತರಿ ಇದ್ದಂತೆ ನಾಲಿಗೆಯಲ್ಲೂ ಇತ್ತು. ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವಳು ಒಂದು ದಿನ ಕೇಳಿಯೇಬಿಟ್ಟಳು.

“ಏನಪಾ ಮಾರೇಶ, ಕೂಸಿಗೆ ಪ್ಯಾಂಟ್ ಹೊಲದೀಯೋ, ಬೀಗ ಹಾಕೀಯೋ? ಉಡದಾರ ಒಂದು ಬಿಟ್ಟು ಎಲ್ಲಾ ತಗದ್ಹಾಕು. ಬರೇ ಮೈಲೆ ನಾಕು ದಿನ ತಿರುಗಲಿ. ತಾನಾ ಕಲೀತಾಳ.”

“ಹೌದ್ರಿ ಯಕ್ಕಾ,” ಅಂದ ಮಾರೇಶ. ಅಂದು, ಮರುದಿನ ಮತ್ತೆ ಜೀನ್ಸನ್ನೇ ತೊಡಿಸಿದ. ಅದರ ಮರುದಿನವೂ. ಶುಕ್ರವಾರ ಫೋನು ಬಂದಾಗ “ಇನ್ನೂ ಇಲ್ಲ” ಅಂದ. ಹಾಗೆ ಅನ್ನುವಾಗ ಒಳಗೆಲ್ಲೋ ಒಂದು ಸಣ್ಣ ಖುಷಿ ಮಿಸುಕಿತು. ಅದನ್ನು ಅವನು ಕಂಡ, ಕಂಡೂ ಕಾಣದಂತೆ ಮುಖ ತಿರುಗಿಸಿದ.

ಗುರುಬಸಮ್ಮ ಮುಖ ತಿರುಗಿಸುವ ಪೈಕಿ ಅಲ್ಲ. “ಕೂಸು ಕಲೀಬಾರದು ಅಂತ ನಿನ್ನ ಮನಸಿನಾಗ ಐತೇನಪಾ?” ಅಂದಳು.

“ಏನ್ ಮಾತಂತ ಆಡ್ತೀರಿ ಯಕ್ಕಾ!” ಮಾರೇಶನಿಗೆ ಸಿಟ್ಟು ಬಂತು. ಅಪರೂಪಕ್ಕೆ ಬಂದ ಸಿಟ್ಟು. ನಿಜವಲ್ಲದ ಮಾತಿಗೆ ಅಷ್ಟು ಸಿಟ್ಟು ಬರುವುದಿಲ್ಲ.

ಆ ದಿನ ಸಂಜೆ ಮಗಳು ಕಾಣಲಿಲ್ಲ. ಓಣಿಯಲ್ಲಿಲ್ಲ, ಹಿತ್ತಲಲ್ಲಿಲ್ಲ. ಹುಡುಕಿದರೆ ಬಾಗಿಲ ಮೂಲೆಯಲ್ಲಿ, ಹೊಲಿದಿಟ್ಟ ಪ್ಯಾಂಟುಗಳ ರಾಶಿಯ ಹಿಂದೆ ಅವಿತು ಕೂತಿದ್ದಳು. ಜೀನ್ಸು ಮೊಣಕಾಲಿನವರೆಗೆ ಒದ್ದೆ. ಯಾವಾಗಿನಿಂದ ಹಾಗೇ ಕೂತಿದ್ದಳೋ, ಅಪ್ಪನನ್ನು ಕಂಡೊಡನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊಡೆಯುತ್ತಾನೆ ಅಂತ. ಮಾರೇಶ ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ. ಅವಳನ್ನು ಎತ್ತಿಕೊಂಡು ಒಳಗೆ ತಂದು ಜೀನ್ಸು ಬಿಚ್ಚಿದ. ತೊಡೆಯ ಸಂದಿನಲ್ಲಿ, ತಾನೇ ಎರಡು ಸಲ ಮಡಿಚಿ ದಪ್ಪಗೆ ಹೊಲಿದ ಅಂಚು ಉಜ್ಜಿ ಉಜ್ಜಿ ಎಳೆಯ ಚರ್ಮ ಕೆಂಪಗೆ ಕಿತ್ತುಬಂದಿತ್ತು.

ಕೊಬ್ಬರಿ ಎಣ್ಣೆ ಸವರುವಾಗ ಅವಳು ಅಳಲಿಲ್ಲ. ಇವನು ಅತ್ತ. ಈ ಸಲ ಒಲೆಯ ಮೇಲೆ ಏನೂ ಇರಲಿಲ್ಲ, ಖಾರದ ನೆಪವೂ ಇರಲಿಲ್ಲ. ಹೆಂಡತಿ ಬರಲಿ ಅನ್ನುವ ಆಸೆಗೆ ಮಗಳ ಮೈಯನ್ನು ಒತ್ತೆಯಿಟ್ಟೆನಲ್ಲ ಅಂತ ಅವನಿಗೆ ನಾಚಿಕೆಯಾಯಿತು. ಗೂಟದಲ್ಲಿದ್ದ ಜೀನ್ಸುಗಳನ್ನೆಲ್ಲ ಇಳಿಸಿ, ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಇಟ್ಟುಕೊಂಡ.

ಮಾರನೆಯ ಬೆಳಿಗ್ಗೆಯಿಂದ ಗಂಗೋತ್ರಿ ಉಡದಾರ ಒಂದೇ ಕಟ್ಟಿಕೊಂಡು ಓಣಿ ಸುತ್ತಿದಳು. ಮಾರೇಶ ಹಿತ್ತಲ ಬಾಗಿಲು ತೆರೆದೇ ಕಾಲು ಚಾಚಿ ಕೂತ. ಯಾರು ನೋಡಿದರೆ ಏನು? ಓಣಿಯ ಹೆಂಗಸರು ಬಗ್ಗಿ ನೋಡಿ ಸೆರಗು ಬಾಯಿಗಿಟ್ಟು ನಕ್ಕರು, ಎರಡು ದಿನ ನಕ್ಕು ಸಾಕಾಗಿ ಬಿಟ್ಟರು. ಕುಣಿಯುವ ಬಲಗಾಲಿನ ಮೇಲೆ ಅವನು ಎಡಗೈ ಒತ್ತಿ ಹಿಡಿದುಕೊಂಡ. ಮಗಳು ಅವನ ಕೊರಳು ತಬ್ಬಿ ಕೂತಳು. “ಸ್ಸ್‌ಸ್” ಅಂದ. ಅವಳೂ “ಸ್ಸ್‌ಸ್” ಅಂದಳು. ಬಹಳ ಹೊತ್ತು ಇಬ್ಬರೂ ಅನ್ನುತ್ತಲೇ ಇದ್ದರು. ಆಮೇಲೆ ಬೆಚ್ಚಗೆ ಸದ್ದಾಯಿತು. ಗಂಗೋತ್ರಿ ಕೆಳಗೆ ಬಗ್ಗಿ ನೋಡಿ, ಇದನ್ನು ಮಾಡಿದ್ದು ನಾನೇನಾ ಅನ್ನುವ ಹಾಗೆ ಅಪ್ಪನ ಮುಖ ನೋಡಿದಳು.

ವಾರದೊಳಗೆ ಎಲ್ಲ ಸಲೀಸಾಯಿತು. ಒಂದು ಮಂಗಳವಾರ ಮಾರೇಶ ಮಿಷನ್ನಿನಲ್ಲಿದ್ದಾಗ ಮಗಳು ಆಟ ಬಿಟ್ಟು ಎದ್ದಳು, “ಅಪ್ಪಾ, ಉಚ್ಚಿ” ಅಂತ ಹೇಳಿ ತಾನೇ ಹಿತ್ತಲಿಗೆ ಹೋಗಿ ಕಲ್ಲಿನ ಪಕ್ಕ ಕೂತು, ಮುಗಿಸಿ, ಚೊಂಬಿನಿಂದ ನೀರು ಚೆಲ್ಲಿ, ಚಪ್ಪಾಳೆ ತಟ್ಟಿಕೊಂಡು ಬಂದಳು. ಮಾರೇಶ ಹಿಂದೆಯೇ ಹೋಗಿ ಬಾಗಿಲ ಸಂದಿನಿಂದ ಆ ಚಪ್ಪಾಳೆಯನ್ನು ಫೋನಿನಲ್ಲಿ ಹಿಡಿದ. ಹಿಗ್ಗು ತಡೆಯಲಾಗಲಿಲ್ಲ. ಇಂಥ ಹಿಗ್ಗನ್ನು ಯಾರ ಹತ್ತಿರ ಹೇಳುವುದು? ಇಡೀ ಭೂಮಿಯ ಮೇಲೆ ಇದನ್ನು ಕಂಡು ಅವನಷ್ಟೇ ಹಿಗ್ಗುವ ಜೀವ ಒಂದೇ ಇತ್ತು. ವಿಡಿಯೋ ಅವಳಿಗೆ ಕಳಿಸಿಬಿಟ್ಟ.

ಕಳಿಸಿದ ಮೇಲೆ, ನೀಲಿ ಗೀಟು ಬಿದ್ದ ಮೇಲೆ, ಏನು ಕಳಿಸಿದೆ ಅನ್ನುವುದು ಹೊಳೆಯಿತು. ಆ ಕಡೆಯಿಂದ ಕೈ ಮುಗಿದ ಗುರುತು ಒಂದೇ ಬಂತು. ಆ ಸಂಜೆ ಮಾಡಿದ ಮುದ್ದೆಯನ್ನು ಮಗಳಿಗೆ ತಿನ್ನಿಸಿ, ತನ್ನ ತಟ್ಟೆಯದನ್ನು ಹಾಗೇ ಮುಚ್ಚಿಟ್ಟ.

ಶುಕ್ರವಾರ ಬಂತು. ಊಟದ ಹೊತ್ತು ಕಳೆದ ಮೇಲೆ ಫೋನು ಬಂತು. ಚೌಡೇಶ್ವರಿ ಮಗಳನ್ನು ನೋಡಿದಳು, ಜಾಣೆ ಅಂದಳು, ಮುದ್ದು ಮಾಡಿದಳು. ಮಗಳು ಗಾಜು ನೆಕ್ಕಿ ಕೋಳಿಯ ಹಿಂದೆ ಓಡಿದಳು. ಅಂದು ಮಾತ್ರ ಅವಳು ಆ ಪ್ರಶ್ನೆ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

“ಮೇಡಮ್‌ಗೆ ಬುಧವಾರನೇ ಹೂಂ ಅಂದೆ,” ಅಂದಳು. “ಇನ್ನೆರಡು ವರ್ಷ. ಭಾಳ ಖುಷಿಯಾಯ್ತು ಆಕೆಗೆ.”

ಇಲ್ಲಿ ಎಂದಿನ ಮಾರೇಶನಾಗಿದ್ದರೆ ಹೂಂ ಅನ್ನಬೇಕಿತ್ತು. ಬಾಯಿ ಅದಕ್ಕೇ ತೆರೆಯಿತು. ಆದರೆ ಹೊರಬಿದ್ದದ್ದು ಬೇರೆ.

“ಬ್ಯಾಡ.”

“ಏನಂದ್ರಿ?”

“ಬ್ಯಾಡ ಅಂದೆ. ಬಂದ್ಬಿಡು.” ಅವನ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. “ಕೂಸು ಕಲತೈತಿ. ಕೂಸಿನ ನೆವ ಹೇಳಾಕ ಇನ್ನ ಬರಂಗಿಲ್ಲ ನನಗ. ಕೂಸಿಗಲ್ಲ, ನನಗ ಬೇಕು ನೀನು. ನೀ ಇಲ್ದ ನನಗ ಆಗವಲ್ದು.”

ಫೋನಿನೊಳಗಿನ ಮುಖ ತುಟಿ ಕಚ್ಚಿಕೊಂಡಿತು. ಮದುವೆಯಾಗಿ ಬಂದಾಗಿನಿಂದ ಅವಳು ಗಂಡನ ಹತ್ತಿರ ಕಲಿತ ರಾಯದುರ್ಗದ ‘ರಿ’ ಹಚ್ಚಿಯೇ ಮಾತಾಡುತ್ತಿದ್ದಳು. ಈಗ ಅದು ಎಲ್ಲೋ ಬಿದ್ದುಹೋಗಿ, ರೊಳ್ಳದ ಮಾತು ಬಂತು.

“ಇದನ್ನ ಮಂಗ್ಳಾರನೇ ಹೇಳೋಕಾಗ್ಲಿಲ್ವ ನಿಂಗೆ? ವಾರ ವಾರ ಕಲಿತಳಾ ಕಲಿತಳಾ ಅಂತ ನಾನು ಯಾಕೆ ಕೇಳ್ತಿದ್ದೆ ಅಂತ ನೀನು ಅನ್ಕೊಂಡಿದ್ದೆ ಕಣಯ್ಯ? ಇಲ್ಲ ಅನ್ಲಿ ಅಂತ ಕೇಳ್ತಿದ್ದೆ. ಇಲ್ಲ ಅಂದಾಗೆಲ್ಲ ಬಾತ್‌ರೂಮಿಗೋಗಿ ಖುಷಿಗೆ ಅಳ್ತಿದ್ದೆ. ಆ ವಿಡಿಯೋ ನೋಡ್ದಾಗ, ಮುಗೀತು, ನಾನು ಯಾರಿಗೂ ಬ್ಯಾಡ್ವಾಗೋದೆ ಅನ್ಕೊಂಡು ಹೂಂ ಅಂದ್ಬಂದೆ.”

ಇಷ್ಟು ದಿನ ಇಬ್ಬರೂ ಒಂದೇ ಆಸೆಯನ್ನು ಆ ಕೂಸಿನ ಒದ್ದೆ ಚಡ್ಡಿಯೊಳಗೆ ಅಡಗಿಸಿಟ್ಟು, ಒಬ್ಬರಿಗೊಬ್ಬರು ಕಾಣದಂತೆ ಕಾದಿದ್ದರು.

“ಈಗ ಹೂಂ ಅಂದದ್ದನ್ನ ಹಿಂದಕ್ಕ ತಗೋಳಾಕ ಬರಂಗಿಲ್ಲೇನು?”

“ಗೊತ್ತಿಲ್ಲ. ಕೇಳ್ತೀನಿ. ಸಿಟ್ಟಾಗ್ತಾಳೆ ಆಕೆ. ಪಾಸ್‌ಪೋರ್ಟ್ ಆಕೆ ಹತ್ರನೇ ಐತೆ. ಬಿಟ್ರೆ ಬರ್ತೀನಿ, ಬಿಡ್ಲಿಲ್ಲ ಅಂದ್ರೆ...” ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅವಳು ತಿರುಗಿ ನೋಡಲಿಲ್ಲ.

“ಹೋಗು, ಕರೆಯಾಕತ್ತಾರ,” ಅಂದ ಮಾರೇಶ.

“ಕರೀಲಿ. ನೀನು ಆಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸತಿ ಹೇಳು.”

ಕಟ್ಟೆಯ ಮೇಲೆ ಗುರುಬಸಮ್ಮ ಕತ್ತರಿ ಆಡಿಸುವುದನ್ನು ನಿಲ್ಲಿಸಿ ಕಿವಿ ಕೊಟ್ಟಿದ್ದಳು. ಎದುರು ಮನೆಯ ಟೈಲರನೂ ಮಿಷನ್ನು ನಿಲ್ಲಿಸಿದ್ದ. ಮಾರೇಶ ಅವರನ್ನು ನೋಡಿದ, ಆದರೂ ದನಿ ತಗ್ಗಿಸಲಿಲ್ಲ.

“ನನಗ ಬೇಕು ನೀನು,” ಅಂದ. “ಬಂದ್ಬಿಡು.”